ಬಾಗಿಲು ಹಾಕಿಕೊಂಡ ಮಗ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ವಯಸ್ಸು 31. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಕೆಲಸವನ್ನು ತೀರ್ಥಹಳ್ಳಿ ಕಡೆಯ ತೋಟದ ಮನೆಯಿಂದಲೇ ಮಾಡುತ್ತಾರೆ. ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಸಣ್ಣದಕ್ಕೂ ಅಮ್ಮನ ಮೇಲೆ ರೇಗುತ್ತೇನೆ ಎಂದು ನನ್ನ ಬಳಿ ಆಪ್ತಸಲಹೆಗೆ ಬಂದರು.

ಯೋಗ ಮಾಡಿ, ಮೊಬೈಲ್ ಕಡಿಮೆ ಮಾಡಿ ಅಂತ ಹೇಳಿ ಕಳಿಸುವುದು ಸುಲಭ. ನಾನು ಅವರ ದಿನ ಹೇಗೆ ಸಾಗುತ್ತದೆ ಎಂದು ಗಂಟೆ ಗಂಟೆಯ ಲೆಕ್ಕ ಕೇಳಿದೆ. ಬೆಳಿಗ್ಗೆ ಹತ್ತಕ್ಕೆ ತೆರೆದ ಲ್ಯಾಪ್‌ಟಾಪ್ ರಾತ್ರಿ ಹನ್ನೆರಡಾದರೂ ಮುಚ್ಚುತ್ತಿರಲಿಲ್ಲ. ಅಷ್ಟು ಕೆಲಸ ಇತ್ತಾ? ಇಲ್ಲ. ಆನ್‌ಲೈನ್‌ನಲ್ಲಿದ್ದಾರೆ ಎಂದು ತೋರಿಸುವ, ಚಾಟ್‌ನಲ್ಲಿ ಹೆಸರಿನ ಪಕ್ಕದ ಹಸಿರು ಚುಕ್ಕೆ ಆರಿದರೆ ಮ್ಯಾನೇಜರ್ ಏನೆಂದುಕೊಳ್ಳುತ್ತಾರೋ ಎಂಬ ಭಯ. ಜಗಲಿಗೆ ಬಂದು ಕೂತರೆ ಅಪ್ಪ, "ಇವತ್ತು ಕೆಲಸ ಇಲ್ವೇನೋ?" ಎನ್ನುತ್ತಾರೆ. ಕೆಲಸ ಹೋಯ್ತಾ ಅಂತ ಊರವರು ಕೇಳಿದ್ದೂ ಉಂಟು. ಹಾಗಾಗಿ ಕೆಲಸ ಮುಗಿದರೂ ಬಾಗಿಲು ಹಾಕಿಕೊಂಡು ಸುಮ್ನೆ ಒಳಗೇ ಕೂರುತ್ತಿದ್ದರು. ದುಡಿಯುತ್ತಿದ್ದೇನೆ ಎಂದು ಆಫೀಸಿಗೂ ಮನೆಗೂ ತೋರಿಸುತ್ತಲೇ ಇರಬೇಕು. ಅವರನ್ನು ದಣಿಸಿದ್ದು ಕೆಲಸಕ್ಕಿಂತ ಜಾಸ್ತಿ ಇದೇ ಎಂದು ನನಗನ್ನಿಸಿತು.

ನವೆಂಬರಿನಲ್ಲಿ ಇನ್ನೂ ಬಿಗಡಾಯಿಸಿತು. ಆಗ ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ. ನ್ಯೂಯಾರ್ಕಿನವರ ಬೆಳಗಿನ 9ರ ಮೀಟಿಂಗ್ ನಮಗೆ ಸಂಜೆ 6.30ರಿಂದ 7.30ಕ್ಕೆ ಸರಿಯಿತು. ಅಂಗಳದಲ್ಲಿ ಅಡಿಕೆ ಸುಲಿಯುವ ಹೊತ್ತು ಅದು. ಅಕ್ಕಪಕ್ಕದವರೆಲ್ಲ ಮೆಟ್ಟುಗತ್ತಿ ಹಿಡಿದು, ಹರಟುತ್ತ ಕೂರುತ್ತಾರೆ. "ಹೊರಗೆ ಎಲ್ಲ ನಗೋದು ಕೇಳ್ತಿತ್ತು ಮೇಡಂ. ನಾನು ಕೋಣೇಲಿ ಮ್ಯೂಟ್ ಒತ್ಕೊಂಡು ಕೂತಿರ್ತಿದ್ದೆ" ಎಂದರು. ಇಡೀ ಭೇಟಿಯಲ್ಲಿ ಅವರ ಕಣ್ಣು ತುಂಬಿದ್ದು ಆಗ ಮಾತ್ರ.

ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆ. ಇರಲಿಲ್ಲ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಮನೆಯವರು ಹೆದರುತ್ತಾರೆ. ಹುಟ್ಟುವುದಿಲ್ಲ, ಕೇಳಲೇಬೇಕು. ರಾತ್ರಿ ತೀರಾ ಕಷ್ಟವಾದರೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ ಎಂದೆ. ಸುಸ್ತಿಗೆ ಥೈರಾಯ್ಡ್, ವಿಟಮಿನ್ ಬಿ12 ಪರೀಕ್ಷೆ ಮಾಡಿಸಲು ಡಾಕ್ಟರ ಬಳಿ ಕಳಿಸಿದೆ. ಬಿ12 ಕಡಿಮೆ ಇತ್ತು.

ಎರಡನೇ ಭೇಟಿಗೆ ಅಪ್ಪನನ್ನೂ ಕರೆಸಿದೆ. ಮಗನಿಗೆ ಕೆಲಸ ಹೋಗಿದೆ, ಹೇಳಲಾಗದೆ ಬಾಗಿಲು ಹಾಕಿಕೊಳ್ಳುತ್ತಾನೆ ಅಂತ ಅವರು ಒಳಗೊಳಗೇ ಕೊರಗುತ್ತಿದ್ದರು! ತನ್ನ ಕೆಲಸ ಏನು, ಎಷ್ಟು ಹೊತ್ತಿಗೆ ಶುರು, ಎಷ್ಟಕ್ಕೆ ಮುಗಿಯುತ್ತದೆ ಎಂದು ಮಗನೇ ನನ್ನೆದುರು ವಿವರಿಸಿದರು. ಮುಗಿದ ಮೇಲೆ ಜಗಲಿಯಲ್ಲಿ ಕೂತರೆ ಯಾರೂ ಪ್ರಶ್ನೆ ಕೇಳಬಾರದು ಎಂದು ಒಪ್ಪಂದವಾಯಿತು.

ಉಳಿದ ಸಲಹೆಗಳು ಸಣ್ಣವು. ಕೆಲಸದ ವೇಳೆಯನ್ನು ಮ್ಯಾನೇಜರಿಗೆ ಮೇಲ್‌ನಲ್ಲಿ ತಿಳಿಸಿ, ವಾರಕ್ಕೆ ಎರಡು ಸಂಜೆ ಬಿಡುವು ಕೇಳುವುದು. ಮುಗಿದೊಡನೆ ಲ್ಯಾಪ್‌ಟಾಪನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು. ರಾತ್ರಿ ಎಷ್ಟೇ ತಡವಾಗಿ ಮಲಗಿದರೂ ಬೆಳಿಗ್ಗೆ ಏಳಕ್ಕೇ ಏಳುವುದು. ಡೈರಿಗೆ ಹಾಲು ಹಾಕಿ ಬರುವ ಕೆಲಸ ತಾವೇ ವಹಿಸಿಕೊಳ್ಳುವುದು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ರಾತ್ರಿ ನಿದ್ದೆ ಹೊತ್ತಿಗೆ ಸರಿಯಾಗಿ ಬರುತ್ತದೆ, ಡೈರಿಯಲ್ಲಿ ನಾಲ್ಕು ಜನರ ಜೊತೆ ಮಾತೂ ಆಗುತ್ತದೆ. ಸಂಜೆಯ ಕಾಫಿ ಬೇಡ ಎಂದೆ. ಕುಡಿದ ಕೆಫೀನಿನ ಅರ್ಧದಷ್ಟು ಐದಾರು ಗಂಟೆಯಾದರೂ ಮೈಯಲ್ಲಿರುತ್ತದೆ.

ಮ್ಯಾನೇಜರ್ ಒಂದು ಸಂಜೆ ಬಿಟ್ಟುಕೊಟ್ಟರು. ನಿದ್ದೆ ಸುಧಾರಿಸಿದೆ. ರೇಗುವುದು ಪೂರ್ತಿ ನಿಂತಿಲ್ಲ. ಮುಂದಿನ ಸಲ ತಾಯಿಯನ್ನು ಕರೆತರಲು ಹೇಳಿದ್ದೇನೆ. ಇಷ್ಟು ದಿನ ಆ ಸಿಟ್ಟು ಸಹಿಸಿದವರು ಅವರು. ನಿಮಗೆ ಹೇಗಿದೆ ಎಂದು ಅವರನ್ನು ಇನ್ನೂ ಯಾರೂ ಕೇಳಿಲ್ಲ.