ಮರದ ಸಾಗೆ ಕಬ್ಬಿಣ ಕೊಯ್ಯುವ ಬ್ಲೇಡ್: ಮೊದಲು ಆರ್‌ಪಿಎಂ ನೋಡಿ

ರೇಷ್ಮೆ ಹುಳು ಮನೆಯ ರ್ಯಾಕಿಗೆ ಒಂದೂವರೆ ಇಂಚಿನ, 2 ಎಂಎಂ ದಪ್ಪದ ಸ್ಕ್ವೇರ್ ಪೈಪ್ ಕತ್ತರಿಸಬೇಕು, ಇರೋದು ಮರ ಕೊಯ್ಯುವ 7 ಇಂಚಿನ ಸರ್ಕ್ಯುಲರ್ ಸಾ (ದುಂಡು ಬ್ಲೇಡಿನ ಗರಗಸ), ಶಿಡ್ಲಘಟ್ಟದಲ್ಲೋ ಚಿಕ್ಕಬಳ್ಳಾಪುರದಲ್ಲೋ ಸಿಗುವ, ಕಬ್ಬಿಣ ಕೊಯ್ಯುವ ಅಗ್ಗದ ಬ್ಲೇಡ್ ಅದಕ್ಕೆ ನಡೆಯುತ್ತಾ ಅಂತ ಕೇಳಿದ್ದೀರಿ. ನಡೆಯಬಹುದು. ಆದರೆ ಬ್ಲೇಡಿನ ಬೆಲೆ ಕೇಳೋಕೆ ಮುಂಚೆ ಮೆಷಿನ್ ಪ್ಲೇಟಿನ ಮೇಲಿರುವ, ನಿಮಿಷಕ್ಕೆ ಎಷ್ಟು ಸುತ್ತು ಅಂತ ಹೇಳುವ ಆರ್‌ಪಿಎಂ ಓದಿ.

ಮರದ ಸಾ ಸಾಮಾನ್ಯವಾಗಿ 5000 ಅಥವಾ ಅದಕ್ಕಿಂತ ಜಾಸ್ತಿ ತಿರುಗುತ್ತೆ. ನಿಮ್ಮ 7 ಇಂಚಿನ ಸಾಗೆ ಹಾಕುವ 185 ಎಂಎಂ ಬ್ಲೇಡಿನ ಹಲ್ಲು ಆಗ ಸೆಕೆಂಡಿಗೆ 48 ಮೀಟರ್ ಓಡುತ್ತೆ. ಕಬ್ಬಿಣಕ್ಕೆಂದೇ ಇರುವ 14 ಇಂಚಿನ ಡ್ರೈ ಕಟ್ (ನೀರು, ಎಣ್ಣೆ ಹಾಕದೆ ಹಲ್ಲಿನ ಬ್ಲೇಡಲ್ಲಿ ಕೊಯ್ಯುವ) ಮೆಷಿನ್ 1300ರ ಸುಮಾರಿಗೆ ತಿರುಗೋದು, ಅಂದ್ರೆ ಹಲ್ಲಿನ ಓಟ 24 ಮೀಟರ್, ಸರಿಯಾಗಿ ಅರ್ಧ. ಓಟ ಜಾಸ್ತಿಯಾದಷ್ಟೂ ಹಲ್ಲಿನ ತುದಿ ಕಾದು ಬೇಗ ಮೊಂಡಾಗುತ್ತೆ. ಬ್ಲೇಡಿನ ಮ್ಯಾಕ್ಸ್ ಆರ್‌ಪಿಎಂ ನಿಮ್ಮ ಮೆಷಿನ್ನಿಗಿಂತ ಕಡಿಮೆ ಇದ್ದರೆ ಪುಕ್ಕಟೆ ಕೊಟ್ಟರೂ ತಗೋಬೇಡಿ. ಆ ಅಂಕಿಯೇ ಇಲ್ಲದ ಬ್ಲೇಡೂ ಬೇಡ. ಗ್ರೈಂಡರಿಗೆ, ಕಲ್ಲಿನ ವೀಲ್ ಹಾಕುವ 3800 ಆರ್‌ಪಿಎಂ ಚಾಪ್ ಸಾಗೆ ಹಲ್ಲಿನ ಬ್ಲೇಡ್ ಹಾಕುವ ಮಾತೇ ಬೇಡ.

ಅಂಗಡಿಯಲ್ಲಿ ಪ್ಯಾಕೆಟ್ ಬಿಚ್ಚಿಸಿ ನೋಡಿ. ಮರದ ಬ್ಲೇಡಿನ ಹಲ್ಲು ಮುಂದಕ್ಕೆ ಬಾಗಿ ಕಚ್ಚುವ ಹಾಗಿರುತ್ತೆ. ಕಬ್ಬಿಣದ್ದು ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತೆ. ನಿಮ್ಮ ಪೈಪಿಗೆ 48 ಹಲ್ಲು ಸರಿ, 24ರದ್ದು ತೆಳು ಗೋಡೆಗೆ ಸಿಕ್ಕಿ ಹಲ್ಲು ಹಾರಿಸಿಕೊಳ್ಳುತ್ತೆ. ಅಗ್ಗದ ಮಾಲು ಕೈಕೊಡೋದು ಹಲ್ಲಿನ ಗಟ್ಟಿ ತುದಿಯನ್ನು ಬ್ಲೇಡಿಗೆ ಕೂಡಿಸಿದ ಬೆಸುಗೆಯಲ್ಲಿ. ಪ್ರತಿ ಹಲ್ಲಿನ ಬೆನ್ನು, ಬುಡ ಎರಡೂ ಕಡೆ ಬೆಸುಗೆ ಗೆರೆ ತುಂಬಿ ಹರಿದಿರಬೇಕು. ಸೂಜಿಮೊನೆಯಷ್ಟು ಕಪ್ಪು ತೂತು ಕಂಡರೂ ವಾಪಸ್ ಕೊಡಿ. ನಡುವಿನ ತೂತು ದೊಡ್ಡದಾಗಿದ್ದರೆ ಕಂಪನಿ ರಿಂಗನ್ನೇ ಹಾಕಿ. ತಗಡು ಸುತ್ತಿ ಕೂರಿಸಿದರೆ ಬ್ಲೇಡ್ ಓಲಾಡುತ್ತೆ, ಒಂದು ಕಡೆಯ ಹಲ್ಲುಗಳೇ ಎಲ್ಲ ಏಟು ತಿನ್ನುತ್ತವೆ.

ಹಲ್ಲು ಮುರಿಯೋಕೆ ಬ್ಲೇಡಿಗಿಂತ ಹಿಡಿತದ ತಪ್ಪೇ ಹೆಚ್ಚು. ಪೈಪಿಗೆ ಎರಡು ಕ್ಲಾಂಪ್ ಬಿಗಿಯಿರಿ, ಕತ್ತರಿಸಿ ಬೀಳುವ ತುಂಡು ಕೆಳಗೆ ಸಲೀಸಾಗಿ ಜಾರಲಿ. ಎರಡೂ ತುದಿಗೆ ಆಸರೆ ಕೊಟ್ಟರೆ ಕೊನೆಯಲ್ಲಿ ಸೀಳು ಮುಚ್ಚಿಕೊಂಡು ಬ್ಲೇಡನ್ನು ಕಚ್ಚಿ ಹಿಡಿಯುತ್ತೆ, ಮೆಷಿನ್ ನಿಮ್ಮ ಕಡೆಗೇ ಒದೆಯುತ್ತೆ. ಆಂಗಲ್ (L ಆಕಾರದ ಕಬ್ಬಿಣದ ಪಟ್ಟಿ) ಇದ್ದರೆ ಮನೆ ಸೂರಿನ ಹಾಗೆ ಕವುಚಿ ಇಡಿ. ಹಲ್ಲು ಪೈಪಿಗೆ ತಾಗದಿರುವಾಗಲೇ ಸ್ವಿಚ್ ಒತ್ತಿ, ಪೂರ್ತಿ ಸ್ಪೀಡ್ ಬಂದ ಮೇಲೆ ಇಳಿಸಿ. ಸಾಯಂಕಾಲ ಸಿಂಗಲ್ ಫೇಸ್ ವೋಲ್ಟೇಜ್ ಬಿದ್ದಾಗ ಕೆಲಸ ನಿಲ್ಲಿಸಿಬಿಡಿ. ಮೆಷಿನ್ ಮುಕ್ಕರಿಯುತ್ತಾ ತಿರುಗಿದರೆ ಒಂದೊಂದು ಹಲ್ಲಿಗೂ ಕೊಯ್ಯಬೇಕಾದ ಪಾಲು ಜಾಸ್ತಿ.

ಚೂರು ಬೆಳ್ಳಗೆ ಬರ್ತಿದ್ದರೆ ಬ್ಲೇಡ್ ಚೆನ್ನಾಗಿದೆ. ನೀಲಿಯಾಗಿ, ಕಿಡಿ ಜಾಸ್ತಿಯಾದರೆ ಮೊಂಡಾಯ್ತು ಅಂತ ಲೆಕ್ಕ. ಒತ್ತಿ ಕೊಯ್ದರೆ ಹಲ್ಲು ಹೋಗುತ್ತೆ. ಶುರು ಮಾಡೋ ಮುಂಚೆ ಗಾರ್ಡಿನೊಳಗಿನ ಮರದ ಹೊಟ್ಟು ಕೆರೆದು ತೆಗೆಯಿರಿ, ಬಿಸಿ ಚೂರು ಬಿದ್ದರೆ ಹೊತ್ತಿಕೊಳ್ಳುತ್ತೆ. ಕನ್ನಡಕ ಸಾಲದು, ಮುಖ ಮುಚ್ಚುವ ಶೀಲ್ಡ್ ಬೇಕು.

ಕೊಯ್ಯೋದು ಇಪ್ಪತ್ತು ಮೂವತ್ತು ತುಂಡು ಅಷ್ಟೇ ಅಂದ್ರೆ ಈ ಬ್ಲೇಡಿನ ಖರ್ಚೇ ದಂಡ. 4 ಇಂಚಿನ ಗ್ರೈಂಡರ್, 1 ಎಂಎಂ ಕಟಿಂಗ್ ವೀಲ್ ಸಾಕು. ಬರ್ (ಅಂಚಿನ ಮುಳ್ಳು) ಉಜ್ಜೋ ಕೆಲಸ ಇರುತ್ತೆ, ಇರಲಿ. ಟಿಎಂಟಿ ಕಂಬಿ (ಕಾಂಕ್ರೀಟಿಗೆ ಹಾಕುವ ಕಬ್ಬಿಣದ ಸರಳು) ಕತ್ತರಿಸೋಕೂ ಆ ವೀಲೇ ಸರಿ, ಅದರ ಹೊರಪದರ ಗಟ್ಟಿ ಮಾಡಿರೋದರಿಂದ ಹಲ್ಲಿನ ಬ್ಲೇಡನ್ನು ಅದರ ಹತ್ತಿರಕ್ಕೂ ಒಯ್ಯಬೇಡಿ.