‘ಕೊರೋನಾ ಪಾಸಾ?’ ಎಂದವರಿಗೆ ಏನು ಹೇಳಲಿ

ಪ್ರಶ್ನೆ: ಮಾಸ್ತರರೇ, ನಾನು 2021ರಲ್ಲಿ ದ್ವಿತೀಯ ಪಿಯು ವಾಣಿಜ್ಯ ವಿಭಾಗದಲ್ಲಿ ಪಾಸಾದವಳು. ಈಚೆಗೆ ಸಹಕಾರಿ ಸಂಘವೊಂದರ ಸಂದರ್ಶನಕ್ಕೆ ಹೋಗಿದ್ದೆ. ಅಲ್ಲಿದ್ದ ಹಿರಿಯರೊಬ್ಬರು ಬಿ.ಕಾಂ. ಅಂಕಪಟ್ಟಿಯನ್ನು ಬದಿಗಿಟ್ಟು, ಪಿಯು ಅಂಕಪಟ್ಟಿಯ ಇಸವಿ ನೋಡಿ, ‘ಓಹೋ, ಕೊರೋನಾ ಪಾಸಾ?’ ಎಂದು ನಕ್ಕರು. ಉಳಿದವರೂ ನಕ್ಕರು. ನಾನೂ ನಕ್ಕುಬಿಟ್ಟೆ, ಅದೇ ಈಗ ಬೇಜಾರು. ಆ ವರ್ಷ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಸೊಪ್ಪಿನ ಬೆಟ್ಟದ ತುದಿಯಲ್ಲಿ ಅಪ್ಪ ನಾಲ್ಕು ಗೂಟ ನೆಟ್ಟು ಸೋಗೆ ಹೊದಿಸಿಕೊಟ್ಟಿದ್ದರು. ರಕ್ತ ಹೀರುವ ಉಂಬಳಕ್ಕೆ ಹೆದರಿ ಕಾಲಿಗೆ ಸುಣ್ಣ ಬಳಿದುಕೊಂಡು ಹೋಗಿ, ಅಲ್ಲಿ ಕುಳಿತು ಪಾಠ ಕೇಳಿದ್ದೇನೆ.

ಇನ್ನೊಂದು ಮಾತು. ಪ್ರಥಮ ಪಿಯುವಿನಲ್ಲಿ ನಾವು ನಾಲ್ವರು ಒಂದೇ ಬೆಂಚಿನವರು. 2020ರ ಮಾರ್ಚ್‌ನಲ್ಲಿ ಶಿರಸಿ ಜಾತ್ರೆಗೆ ಹೋಗಿ ಒಂದೇ ತೊಟ್ಟಿಲು ಹತ್ತಿದ್ದೆವು. 2021ರ ಜನವರಿಯಲ್ಲಿ ಕಾಲೇಜು ತೆರೆದಾಗ ಬೆಂಚಿಗೆ ಒಬ್ಬೊಬ್ಬರನ್ನೇ ಕೂರಿಸಿದರು. ಏಪ್ರಿಲ್ ಕೊನೆಗೆ ಮತ್ತೆ ಬಾಗಿಲು ಬಿತ್ತು. ಬೀಳ್ಕೊಡುಗೆ ಕೂಡ ಆಗಲಿಲ್ಲ. ಈಗ ಅವರು ಎಲ್ಲಿದ್ದಾರೋ. ಇದಕ್ಕೆ ಇಷ್ಟು ವರ್ಷ ಕೊರಗುವುದು ಹುಚ್ಚುತನವೇ?
– ಹೆಸರು ಬೇಡ, ಸಿದ್ದಾಪುರ ತಾಲ್ಲೂಕು

ಉತ್ತರ: ತಂಗೀ, ಮೊದಲು ಲೆಕ್ಕ ನೋಡೋಣ, ಮೂವತ್ತು ವರ್ಷ ಪಿಯು ಹುಡುಗರಿಗೆ ಲೆಕ್ಕಶಾಸ್ತ್ರ ಹೇಳಿದವನಿಗೆ ಬೇರೆ ದಾರಿ ಗೊತ್ತಿಲ್ಲ. 2021ರ ದ್ವಿತೀಯ ಪಿಯು ಪರೀಕ್ಷೆ ರದ್ದಾದಾಗ ಅಂಕ ಕೊಟ್ಟದ್ದು ಹೇಗೆ? ಎಸ್ಸೆಸ್ಸೆಲ್ಸಿ ಅಂಕಗಳಿಂದ ಶೇ 45, ಪ್ರಥಮ ಪಿಯು ಅಂಕಗಳಿಂದ ಶೇ 45, ಆಂತರಿಕ ಮೌಲ್ಯಮಾಪನದಿಂದ ಶೇ 10. ನೀವು ಎಸ್ಸೆಸ್ಸೆಲ್ಸಿ ಬರೆದದ್ದು 2019ರಲ್ಲಿ. ಪ್ರಥಮ ಪಿಯು ಪರೀಕ್ಷೆ ಮುಗಿದದ್ದು 2020ರ ಫೆಬ್ರುವರಿಯಲ್ಲಿ. ದೇಶಕ್ಕೆ ಬೀಗ ಬಿದ್ದದ್ದು ಆ ವರ್ಷದ ಮಾರ್ಚ್ 25ರಿಂದ. ಅಂದರೆ ನಿಮ್ಮ ಅಂಕಪಟ್ಟಿಯ ನೂರರಲ್ಲಿ ತೊಂಬತ್ತು ಪಾಲು, ಕೊರೋನಾ ನಮ್ಮೂರಿಗೆ ಕಾಲಿಡುವ ಮೊದಲೇ, ನೀವು ಪರೀಕ್ಷಾ ಕೊಠಡಿಯಲ್ಲಿ ಕೂತು ಕೈ ನೋಯಿಸಿಕೊಂಡು ಗಳಿಸಿದ್ದು. ನಕ್ಕವರಿಗೆ ಇದು ಗೊತ್ತಿರಲಿಲ್ಲ.

ಆದರೆ ಅವರ ನಗುವಿಗೂ ಕಾರಣವಿದೆ, ಅದನ್ನು ಮುಚ್ಚಿಡಲಾರೆ. ಆ ಸಲ ನೋಂದಾಯಿಸಿದ ಹೊಸಬರೆಲ್ಲರೂ ಪಾಸು. 600ಕ್ಕೆ 600 ಬಂದವರೇ 2,239 ಮಂದಿ. ಪುಸ್ತಕದ ಹೊದಿಕೆ ಹರಿಯದಂತೆ ವರ್ಷವಿಡೀ ಜೋಪಾನ ಮಾಡಿದವರೂ ದಾಟಿಕೊಂಡರು, ನನ್ನ ತರಗತಿಯಲ್ಲೇ ಇದ್ದರು. ಫಲಿತಾಂಶ ಬೇಡವೆಂದವರಿಗೆ ಆಗಸ್ಟ್‌ನಲ್ಲಿ ಪರೀಕ್ಷೆ ಇಟ್ಟಿದ್ದರು ಎಂಬುದನ್ನು ಮಾತ್ರ ಯಾರೂ ನೆನಪಿಟ್ಟುಕೊಂಡಿಲ್ಲ.

ಮುಂದಿನ ಸಂದರ್ಶನಕ್ಕೆ ಈ ಇತಿಹಾಸವನ್ನೆಲ್ಲ ಹೊತ್ತುಕೊಂಡು ಹೋಗಬೇಡಿ. ಆ ಸಂಘದ ವಾರ್ಷಿಕ ವರದಿಯನ್ನು ಹುಡುಕಿ ತಂದು ಆಸ್ತಿ, ಹೊಣೆ ತೋರಿಸುವ ಅಢಾವೆ ಪತ್ರಿಕೆಯನ್ನು ಸಾಲು ಸಾಲಾಗಿ ಓದಿ. ವಾಯಿದೆ ಮೀರಿದ ಸುಸ್ತಿ ಸಾಲ ಹೆಚ್ಚಿದೆಯೇ, ಠೇವಣಿ ಇಳಿದಿದೆಯೇ ನೋಡಿ. ಇಸವಿ ನೋಡಿ ಯಾರಾದರೂ ನಕ್ಕರೆ, ‘ಹೌದು ಸರ್, ಅದೇ ವರ್ಷ. ನಿಮ್ಮ ವರದಿಯಲ್ಲಿ ಒಂದು ಅಂಕಿ ತಿಳಿಯಲಿಲ್ಲ, ಕೇಳಬಹುದೇ?’ ಎನ್ನಿ. ಆಮೇಲೆ ನಗುವ ಸರದಿ ಯಾರದು ಎಂದು ನನಗೆ ಬರೆದು ತಿಳಿಸಿ.

ಸೋಗೆಯ ಮಾಡಿನ ವಿಷಯ ಓದಿ ನಾನೂ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆ ಮಳೆಗಾಲ ನಾನು ಜಗಲಿಯಲ್ಲಿ ಮೊಮ್ಮಗಳ ಕರಿಹಲಗೆಯನ್ನು ಅಡಿಕೆ ಮೂಟೆಗೆ ಒರಗಿಸಿಟ್ಟು, ಸೊಸೆಯ ಮೊಬೈಲಿನ ಮುಂದೆ ನಿಂತು ಲೆಕ್ಕದ ಎರಡೂ ಬದಿ ಸರಿಹೊಂದಿತೇ ಎಂದು ನೋಡುವ ತಾಳೆಪಟ್ಟಿ ಹೇಳಿಕೊಡುತ್ತಿದ್ದೆ. ‘ಅರ್ಥವಾಯಿತೇ?’ ಎಂದರೆ ಆ ಕಡೆಯಿಂದ ಮಳೆಯ ಸದ್ದು, ಜೀರುಂಡೆಯ ಸದ್ದು. ಒಂದು ದಿನ ಯಾರದೋ ಮನೆಯ ಆಕಳು ‘ಅಂಬಾ’ ಎಂದಿತು. ಅವತ್ತಿನ ಹಾಜರಿ ಅಷ್ಟೇ. ಹುಡುಗರು ಮಲಗಿದ್ದಾರೆ ಎಂದುಕೊಂಡು ಎಷ್ಟೋ ಸಲ ಗದರಿದ್ದೇನೆ. ಬೆಟ್ಟದ ಮೇಲೆ ಸುಣ್ಣ ಬಳಿದುಕೊಂಡು ಕುಳಿತವರು ಆ ಗದರಿಕೆಯನ್ನೂ ಕೇಳಿಸಿಕೊಂಡಿರಬೇಕು. ನಿಮ್ಮ ಮಾಸ್ತರರು ಬೇರೆಯವರಿರಬಹುದು, ಆದರೂ ಅದಕ್ಕೆ ನನ್ನ ಕ್ಷಮೆಯಿರಲಿ.

ಇನ್ನು ಕೊರಗಿನ ಮಾತು. ‘ಕೊರೋನಾ ನಮಗೆ ಬದುಕು ಕಲಿಸಿತು’ ಎಂದು ಭಾಷಣ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹದಿನೇಳನೆಯ ವಯಸ್ಸಿನಲ್ಲಿ ನಾಲ್ವರು ಗೆಳತಿಯರು ಬಸ್ ನಿಲ್ದಾಣದಲ್ಲಿ ಸುಮ್ಮನೆ ನಿಂತು ಹರಟುವ ಒಂದು ವರ್ಷ ಹೋಯಿತು. ಅದನ್ನು ನಷ್ಟದ ಕಡೆಗೇ ಬರೆಯಿರಿ. ಎರಡೂ ಬದಿ ತಾಳೆಯಾಗಲಿ ಎಂದು ಲಾಭದ ಕಡೆ ಏನಾದರೂ ತುರುಕಿದರೆ ಅದು ಸುಳ್ಳು ಲೆಕ್ಕ. ಹುಚ್ಚುತನವೇನೂ ಅಲ್ಲ.

ಆದರೆ ‘ಎಲ್ಲಿದ್ದಾರೋ’ ಎಂದಿರಲ್ಲ, ಅದನ್ನು ಒಪ್ಪಲಾರೆ. ಮೂವರಲ್ಲಿ ಒಬ್ಬಳ ತವರಿಗಾದರೂ ಬಸ್ ಹೋಗುತ್ತದೆಯಷ್ಟೇ? ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬಂದೇ ಬರುತ್ತದೆ. ಅವಳ ತಾಯಿಯನ್ನು ಕೇಳಿ ನಂಬರು ತೆಗೆದುಕೊಳ್ಳಿ. ಜಾತ್ರೆಗೆ ನಾಲ್ವರೂ ಬಂದರೆ ನಮ್ಮ ಮನೆಗೂ ಬನ್ನಿ, ಊಟ ಇಲ್ಲೇ. ತೊಟ್ಟಿಲು ಹತ್ತಲು ಮಾತ್ರ ನನ್ನನ್ನು ಕರೆಯಬೇಡಿ, ನನಗೆ ತಲೆ ತಿರುಗುತ್ತದೆ.