ಎಂಎಲ್‌ಎ ಕೈ ಎತ್ತಿದರೆ ಅಂಗನವಾಡಿಗೆ ದುಡ್ಡು ಬರುತ್ತಾ?

ಮಕ್ಕಳ ಮತ್ತು ಹೆಣ್ಣುಮಕ್ಕಳ ಯೋಜನೆಗಳಿಗೆ ಎಷ್ಟು ದುಡ್ಡು ಅಂತ ವಿಧಾನಸೌಧದಲ್ಲಿ ನಿರ್ಧರಿಸುವವರು ಯಾರು? ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇದನ್ನೇ ಕೇಳಿವೆ. ರಾಜ್ಯದ ಬಜೆಟ್ ಪುಸ್ತಕಗಳನ್ನು ಓದುವುದೇ ಕಸುಬಾಗಿರುವವರು ಉತ್ತರ ಕೊಟ್ಟಿದ್ದಾರೆ. ಬಜೆಟ್ ಮೊತ್ತಗಳು 2025–26ನೇ ಸಾಲಿನವು.

ಪ್ರಶ್ನೆ: ಗದಗ ಜಿಲ್ಲೆಯ ಹಳ್ಳಿಯೊಂದರಲ್ಲಿ 19 ವರ್ಷದಿಂದ ಅಂಗನವಾಡಿ ಟೀಚರ್ ಆಗಿದ್ದೇನೆ. ಪ್ರತಿ ವರ್ಷ ಎಂಎಲ್‌ಎ ಸಾಹೇಬರಿಗೆ ಮನವಿ ಕೊಡುತ್ತೇವೆ. "ಸದನದಾಗ ಮಾತಾಡ್ತೀನಿ" ಅಂತಾರೆ. ಮಾತಾಡಿದ್ದನ್ನು ನಾವೇ ಟಿವಿಯಲ್ಲಿ ನೋಡಿದ್ದೇವೆ. ಆದರೂ 2025–26ರ ಬಜೆಟ್‌ನಲ್ಲಿ ಗೌರವಧನ ಏರಿದ್ದು ಒಂದೇ ಸಾವಿರ. ನಿಜಕ್ಕೂ ಅವರ ಕೈಯಲ್ಲಿ ಏನಾದರೂ ಇದೆಯಾ?

ಇದೆ ಟೀಚರ್. ಆದರೆ ನೀವು ಟಿವಿಯಲ್ಲಿ ನೋಡಿದ ಜಾಗದಲ್ಲಿ ಅಲ್ಲ.

ಬಜೆಟ್ ಮಂಡನೆಯಾದ ಮೇಲೆ ಒಂದೊಂದು ಇಲಾಖೆಯ ಖರ್ಚನ್ನೂ "ಬೇಡಿಕೆ" ಅಂತ ಸದನದ ಮುಂದೆ ಇಡುತ್ತಾರೆ. ಕರ್ನಾಟಕದಲ್ಲಿ ಇಂಥ 29 ಬೇಡಿಕೆಗಳಿವೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು 11ನೆಯದು. ಸಂವಿಧಾನದ 203ನೇ ವಿಧಿಯ ಪ್ರಕಾರ ವಿಧಾನಸಭೆ ಒಂದು ಬೇಡಿಕೆಯನ್ನು ಒಪ್ಪಬಹುದು, ತಳ್ಳಿಹಾಕಬಹುದು, ಇಲ್ಲವೇ ಕಡಿಮೆ ಮಾಡಬಹುದು. ಜಾಸ್ತಿ ಮಾಡುವ ಹಾಗಿಲ್ಲ. ಬೇಡಿಕೆ ಸದನಕ್ಕೆ ಬರಬೇಕಾದರೆ ರಾಜ್ಯಪಾಲರ ಶಿಫಾರಸು ಬೇಕು. ಅಂದರೆ ಸರ್ಕಾರ ತಂದರಷ್ಟೇ ಬರುತ್ತದೆ. 224 ಶಾಸಕರೂ ಒಂದಾಗಿ "ಟೀಚರಮ್ಮನಿಗೆ ಇನ್ನೂ ಐನೂರು ಕೊಡಿ" ಅಂದರೂ ಆ ಐನೂರನ್ನು ಅವರೇ ಬರೆದು ಸೇರಿಸಲಾರರು.

ಇದರಲ್ಲೊಂದು ತಮಾಷೆಯೂ ಇದೆ. ಅನುದಾನ ಸಾಲದು ಅಂತ ಅಧಿಕೃತವಾಗಿ ಪ್ರತಿಭಟಿಸಬೇಕಾದರೆ ಶಾಸಕರ ಕೈಲಿರುವ ಅಸ್ತ್ರದ ಹೆಸರೇ ಕಡಿತದ ಸೂಚನೆ. ನಿಮಗೆ ಹೆಚ್ಚು ಕೊಡಿಸೋಕೆ, ಇರುವುದರಲ್ಲೇ ಸ್ವಲ್ಪ ಕಡಿಮೆ ಮಾಡಿ ಅಂತ ಕೇಳಬೇಕು! ಅದು ಗೆದ್ದರೆ ಸರ್ಕಾರಕ್ಕೆ ಸೋಲು, ಹಾಗಾಗಿ ಆಳುವ ಪಕ್ಷದವರು ಅತ್ತ ತಲೆ ಹಾಕುವುದಿಲ್ಲ. ಕೊನೆಗೆ ಎಷ್ಟೋ ಬೇಡಿಕೆಗಳು ಚರ್ಚೆಯೇ ಇಲ್ಲದೆ, ಒಂದೇ ಸಂಜೆ, ಧ್ವನಿಮತದಲ್ಲಿ ಪಾಸಾಗುತ್ತವೆ. ಸಭಾಧ್ಯಕ್ಷರು ಸಂಖ್ಯೆ ಓದುತ್ತಾರೆ, ಕೆಲವರು "ಹೌದು" ಅನ್ನುತ್ತಾರೆ, ಮುಂದಿನ ಸಂಖ್ಯೆ. ಸಾವಿರಾರು ಕೋಟಿ ದಾಟಿ ಹೋಗುವಷ್ಟರಲ್ಲಿ ಮೇಜಿನ ಮೇಲಿನ ಚಹಾ ಆರಿರುವುದಿಲ್ಲ. ವಿಧಾನ ಪರಿಷತ್ತಿಗಂತೂ ಈ ಬೇಡಿಕೆಗಳ ಮೇಲೆ ಮತ ಹಾಕುವ ಅಧಿಕಾರವೇ ಇಲ್ಲ. ಧನ ವಿಧೇಯಕವನ್ನು 14 ದಿನದೊಳಗೆ ವಾಪಸ್ ಕಳಿಸಬೇಕು, ಅಷ್ಟೇ.

ಹಾಗಾದರೆ ನಿಜವಾದ ನಿರ್ಧಾರ ಆಗುವುದು ಎಲ್ಲಿ? ಬಜೆಟ್‌ಗಿಂತ ನಾಲ್ಕೈದು ತಿಂಗಳು ಮೊದಲು, ಕಡತದಲ್ಲಿ. ಮುಂದಿನ ವರ್ಷಕ್ಕೆ ಎಷ್ಟು ಬೇಕು ಅಂತ ಇಲಾಖೆಗಳು ಲೆಕ್ಕ ಕೊಡುತ್ತವೆ. ಆರ್ಥಿಕ ಇಲಾಖೆ ಅದರ ಮೇಲೆ ಗೆರೆ ಎಳೆಯುತ್ತದೆ. ಆಮೇಲೆ ಮುಖ್ಯಮಂತ್ರಿ ಒಂದೊಂದು ಇಲಾಖೆಯವರನ್ನೂ ಕರೆದು ಬಜೆಟ್ ಪೂರ್ವ ಸಭೆ ಮಾಡುತ್ತಾರೆ. ಸಿದ್ದರಾಮಯ್ಯನವರು ಹಣಕಾಸು ಖಾತೆಯನ್ನೂ ತಾವೇ ಇಟ್ಟುಕೊಂಡಿದ್ದರಿಂದ 2025ರಲ್ಲಿ ಕೊನೆಯ ಮಾತು ಆ ಕೋಣೆಯಲ್ಲೇ ಆಯಿತು.

ನಿಮ್ಮ ಒಂದು ಸಾವಿರ ಆ ಕೋಣೆಯಲ್ಲಿ ಹೇಗೆ ಕಾಣುತ್ತದೆ ನೋಡಿ. ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಲೆಕ್ಕಕ್ಕೆ 65 ಸಾವಿರ ಟೀಚರ್‌ಗಳು ಅಂತಲೇ ಇಟ್ಟುಕೊಳ್ಳೋಣ. ತಿಂಗಳಿಗೆ ಸಾವಿರ ಏರಿಸಿದರೆ ವರ್ಷಕ್ಕೆ 78 ಕೋಟಿ. ಐದು ಸಾವಿರ ಏರಿಸಿದರೆ 390 ಕೋಟಿ. ಸಹಾಯಕಿಯರ ಲೆಕ್ಕ ಬೇರೆ. ಅವರಿಗೆ ಆ ಬಜೆಟ್‌ನಲ್ಲಿ ಏರಿದ್ದು 750. ಒಮ್ಮೆ ಏರಿಸಿದರೆ ಇಳಿಸುವಂತಿಲ್ಲ, ಪ್ರತಿ ವರ್ಷವೂ ಅಷ್ಟು ಎತ್ತಿಡಲೇಬೇಕು. ಆರ್ಥಿಕ ಇಲಾಖೆ ಬೆಚ್ಚುವುದು ಇದಕ್ಕೇ.

ಇನ್ನೊಂದು ವಿಷಯ ನಿಮ್ಮ ಮನವಿಪತ್ರಗಳಲ್ಲಿ ಯಾವಾಗಲೂ ಬಿಟ್ಟುಹೋಗುತ್ತದೆ. ಕೇಂದ್ರ ಸರ್ಕಾರ ಅಂಗನವಾಡಿ ಕಾರ್ಯಕರ್ತೆಗೆ ನಿಗದಿ ಮಾಡಿದ ಗೌರವಧನ 4,500 ರೂಪಾಯಿ. ಅದು 2018ರ ಅಕ್ಟೋಬರ್‌ನಲ್ಲಿ ಬಂದ ದರ. ಅದರಲ್ಲೂ ಕೇಂದ್ರದ ಪಾಲು ಶೇ 60, ಅಂದರೆ 2,700. ಮಿಕ್ಕಿದ್ದೆಲ್ಲ ರಾಜ್ಯದ ಗಂಟು. ಆದ್ದರಿಂದ ನಿಮ್ಮ ಮನವಿ ಎಂಪಿ ಸಾಹೇಬರ ಮನೆಗೂ ಹೋಗಬೇಕು. ಎಂಎಲ್‌ಎ ಹತ್ತಿರ ಸಿಗುತ್ತಾರೆ ಅಂತ ಅವರೊಬ್ಬರನ್ನೇ ಬಯ್ಯುವುದು ಅಷ್ಟು ಸರಿಯಲ್ಲ.

ಎಂಎಲ್‌ಎ ಏನು ಮಾಡಬಹುದು ಅಂದಿರಿ. ಬಜೆಟ್ ಮುಗಿದ ಮೇಲೆ ಭಾಷಣ ಮಾಡುವ ಬದಲು ಅಕ್ಟೋಬರ್‌–ನವೆಂಬರ್‌ನಲ್ಲೇ ಪತ್ರ ಬರೆಯಬಹುದು. ಬೆಳಗಾವಿ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ (ಸಚಿವರು ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕಾದ ಪ್ರಶ್ನೆ) ಹಾಕಿ ಸಚಿವರ ಬಾಯಿಂದಲೇ ಅಂಕಿ ಹೊರಡಿಸಬಹುದು. ಹಾಗೆ ಕೊಟ್ಟ ಉತ್ತರ ದಾಖಲೆಯಾಗಿ ಉಳಿಯುತ್ತದೆ. ಆಳುವ ಪಕ್ಷದವರಾದರೆ ಶಾಸಕಾಂಗ ಪಕ್ಷದ ಸಭೆಯಲ್ಲಿ ಹತ್ತು ಜನ ಸೇರಿ ಗಲಾಟೆ ಮಾಡಬಹುದು. ಸದನದ ಭಾಷಣಕ್ಕಿಂತ ಅದಕ್ಕೆ ಬೆಲೆ ಜಾಸ್ತಿ ಅನ್ನುವುದು ನನ್ನ ಅನುಭವ. ಶಾಸಕರದ್ದೇ ಮಹಿಳೆಯರ ಮತ್ತು ಮಕ್ಕಳ ಕಲ್ಯಾಣ ಸಮಿತಿಯೂ ಇದೆ. ಅದು ಅಧಿಕಾರಿಗಳನ್ನು ಕೂರಿಸಿ ಪ್ರಶ್ನೆ ಕೇಳಬಹುದು.

ಬಜೆಟ್ ಆದ ಮೇಲೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ವರ್ಷದ ನಡುವೆ ಪೂರಕ ಅಂದಾಜು ಅಂತ ಸರ್ಕಾರ ಮತ್ತೆ ಸದನಕ್ಕೆ ಬರುತ್ತದೆ. 2017ರ ಮಾರ್ಚ್ ನಿಮಗೆ ನೆನಪಿರಬೇಕು. ಬಜೆಟ್ ಬಂದ ಬೆನ್ನಲ್ಲೇ ಸಾವಿರಾರು ಅಂಗನವಾಡಿ ಹೆಣ್ಣುಮಕ್ಕಳು ಬೆಂಗಳೂರಿನ ಫ್ರೀಡಂ ಪಾರ್ಕ್ ಪಕ್ಕದ ರಸ್ತೆಯಲ್ಲೇ ಹಗಲು ರಾತ್ರಿ ಕೂತರು. ಬಜೆಟ್‌ನಲ್ಲಿ ಹೇಳಿದ್ದರ ಮೇಲೆ ಇನ್ನಷ್ಟು ಸೇರಿಸಲು ಸರ್ಕಾರ ಆಮೇಲೆ ಒಪ್ಪಿತು. ಯಾವ ಶಾಸಕರ ಮತವೂ ಮಾಡದ್ದನ್ನು ಆ ರಸ್ತೆ ಮಾಡಿತು. ನೀವೂ ಅಲ್ಲಿದ್ದಿರೇನೋ.

ಪ್ರಶ್ನೆ: ಮಹಿಳಾ ಮತ್ತು ಮಕ್ಕಳ ಇಲಾಖೆಗೆ 34,955 ಕೋಟಿ ಅಂತ ಪೇಪರಿನಲ್ಲಿ ಓದಿದೆ. ಅಷ್ಟು ದುಡ್ಡಿದ್ದೂ ಬೆಂಗಳೂರಿನ ನಮ್ಮ ಬೀದಿಯ ಅಂಗನವಾಡಿ ಯಾಕೆ ಇನ್ನೂ ಬಾಡಿಗೆಯ ಒಂದು ಕೋಣೆಯಲ್ಲಿದೆ? ಮಗಳನ್ನು ಅಲ್ಲಿಗೇ ಕಳಿಸುತ್ತೇನೆ, ಅದಕ್ಕೇ ಕೇಳುತ್ತಿದ್ದೇನೆ.

ದೊಡ್ಡ ಅಂಕಿಯನ್ನು ಯಾವಾಗಲೂ ಬಿಡಿಸಿ ನೋಡಬೇಕು. ಆ 34,955 ಕೋಟಿಯಲ್ಲಿ 28,608 ಕೋಟಿ ಗೃಹಲಕ್ಷ್ಮಿಗೆ. ಅಂದರೆ ನೂರಕ್ಕೆ ಹತ್ತಿರ ಹತ್ತಿರ 82 ರೂಪಾಯಿ ನೇರ ಮನೆಯ ಯಜಮಾನಿಯ ಖಾತೆಗೆ. ಉಳಿದ 6,300 ಕೋಟಿ ಚಿಲ್ಲರೆಯಲ್ಲಿ ಅಂಗನವಾಡಿ, ಊಟ, ಗೌರವಧನ, ಮಕ್ಕಳ ರಕ್ಷಣೆ, ಬಾಡಿಗೆ ಎಲ್ಲವೂ ನಡೆಯಬೇಕು.

ಗೃಹಲಕ್ಷ್ಮಿ ತಪ್ಪು ಅಂತ ನಾನು ಹೇಳುತ್ತಿಲ್ಲ. ಆ ಎರಡು ಸಾವಿರದಲ್ಲಿ ಎಷ್ಟೋ ಮನೆಗಳ ಹಾಲು, ತರಕಾರಿ ಬರುತ್ತಿದೆ. ಆದರೆ ಚುನಾವಣೆಯಲ್ಲಿ ಕೊಟ್ಟ ಮಾತಿಗೆ ಬಜೆಟ್‌ನಲ್ಲಿ ಮೊದಲ ಮಣೆ. ಮೂರು ವರ್ಷದ ಮಗುವಿಗೆ ಓಟಿಲ್ಲ, ಸೋರುವ ಸೂರಿಗೂ ಇಲ್ಲ. ಇನ್ನೊಂದು ಎಚ್ಚರಿಕೆ: ಬಜೆಟ್ ಜೊತೆ "ಮಕ್ಕಳ ಬಜೆಟ್" ಅಂತ ಒಂದು ಪುಸ್ತಕ ಬರುತ್ತದೆ. 2025–26ರಲ್ಲಿ ಅದರಲ್ಲಿದ್ದದ್ದು 62,033 ಕೋಟಿ. ಅದು ಹೊಸ ದುಡ್ಡಲ್ಲ. ಬೇರೆ ಬೇರೆ ಇಲಾಖೆಗಳು ಮಕ್ಕಳಿಗೆ ಮಾಡುವ ಖರ್ಚನ್ನು ಒಟ್ಟು ಹಾಕಿದ್ದು, ಅದರಲ್ಲಿ ಶಾಲಾ ಶಿಕ್ಷಣದ ಖರ್ಚೂ ಇದೆ.

ನಿಮ್ಮ ಮಗಳ ತಟ್ಟೆಯ ಲೆಕ್ಕ ಹೇಳುತ್ತೇನೆ. ಪೂರಕ ಪೌಷ್ಟಿಕ ಆಹಾರಕ್ಕೆ ಒಂದು ಮಗುವಿಗೆ ದಿನಕ್ಕೆ 8 ರೂಪಾಯಿ ಅಂತ ಕೇಂದ್ರ 2017ರಲ್ಲಿ ದರ ಕಟ್ಟಿತು. ಅರ್ಧ ಕೇಂದ್ರ, ಅರ್ಧ ರಾಜ್ಯ. ವರ್ಷಕ್ಕೆ 300 ದಿನ. ಅಂದರೆ 2,400 ರೂಪಾಯಿ. 20 ಮಕ್ಕಳ ಅಂಗನವಾಡಿಗೆ ದಿನಕ್ಕೆ 160. ಕಿರಾಣಿ ಅಂಗಡಿಯಲ್ಲಿ ಒಂದು ಮೊಟ್ಟೆಗೇ ಆರೇಳು ರೂಪಾಯಿ ಕೊಡುತ್ತೀರಿ ಅಲ್ವಾ? ಹಾಗಿದ್ದರೂ ಮಕ್ಕಳಿಗೆ ಹಾಲು, ಮೊಟ್ಟೆ ಸಿಗುತ್ತಿದೆ ಅಂದರೆ ರಾಜ್ಯ ತನ್ನ ಕೈಯಿಂದ ಸೇರಿಸಿದ್ದರಿಂದ. ಹಾಲು ಕೊಡುವ ಕ್ಷೀರಭಾಗ್ಯ 2013ರ ಆಗಸ್ಟ್‌ನಲ್ಲಿ ಶುರುವಾಯಿತು. ಗರ್ಭಿಣಿ, ಬಾಣಂತಿಯರಿಗೆ ಮಧ್ಯಾಹ್ನ ಬಿಸಿಯೂಟ ಕೊಡುವ ಮಾತೃಪೂರ್ಣ 2017ರ ಅಕ್ಟೋಬರ್‌ನಲ್ಲಿ. ಆಹಾರ ಭದ್ರತಾ ಕಾಯ್ದೆಯಿಂದಾಗಿ ಊಟ ಮಗುವಿನ ಹಕ್ಕು, ಅದನ್ನು ಸುಮ್ನೆ ನಿಲ್ಲಿಸುವಂತಿಲ್ಲ. ಕಟ್ಟಡಕ್ಕೆ ಅಂಥ ರಕ್ಷಣೆ ಇಲ್ಲ. ಕೈ ಬಿಗಿಯಾದ ವರ್ಷ ಮೊದಲು ಕತ್ತರಿ ಬೀಳುವುದು ಅದಕ್ಕೇ.

ಇಲ್ಲಿ ಮಾತ್ರ ನಿಮ್ಮ ಎಂಎಲ್‌ಎ ನೇರವಾಗಿ ಕೈಹಾಕಬಹುದು. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ಒಬ್ಬೊಬ್ಬರಿಗೂ ವರ್ಷಕ್ಕೆ 2 ಕೋಟಿ ಇದೆ. ಸಮುದಾಯ ಭವನಕ್ಕೆ ಬರೆದುಕೊಡುವವರು ಅಂಗನವಾಡಿ ಕಟ್ಟಡಕ್ಕೂ ಬರೆದುಕೊಡಬಹುದು. ಬೆಂಗಳೂರಿನಲ್ಲಿ ದುಡ್ಡಿಗಿಂತ ಜಾಗದ್ದೇ ತಲೆನೋವು. ಹಾಗಾಗಿ ಬೀದಿಯ ಸುತ್ತ ಪಾಲಿಕೆಯ ಖಾಲಿ ನಿವೇಶನವೋ ಬಳಕೆಯಾಗದ ಕೋಣೆಯೋ ಇದ್ದರೆ ಮೊದಲೇ ಪತ್ತೆಮಾಡಿ, ಆಮೇಲೆ ಹೋಗಿ ಕೇಳಿ.

ಪ್ರಶ್ನೆ: ನಾನು ಟೆಕ್ಸಾಸ್‌ನಲ್ಲಿದ್ದೇನೆ. ಇಲ್ಲಿ ಡೇಕೇರ್ ಖರ್ಚು ಮನೆ ಬಾಡಿಗೆಗೆ ಪೈಪೋಟಿ ಕೊಡುತ್ತದೆ. ಇಲ್ಲಿನ ಶಾಸಕರು ಬಜೆಟ್ ಬಗ್ಗೆ ಜಗಳ ಆಡುವುದನ್ನು ನೋಡಿದರೆ ಅವರ ಅಧಿಕಾರವೇ ಬೇರೆ ಅನಿಸುತ್ತದೆ. ಹೌದಾ?

ಹೌದು, ಪೂರ್ತಿ ಬೇರೆ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಶಾಸಕರು ಗವರ್ನರ್ ಬಜೆಟ್ ಪ್ರಸ್ತಾವವನ್ನು ಪಕ್ಕಕ್ಕಿಟ್ಟು ತಾವೇ ಬರೆಯಬಹುದು. ಸೇರಿಸಬಹುದು, ಕಳೆಯಬಹುದು. ಟೆಕ್ಸಾಸ್‌ನಲ್ಲಿ ಸಾಮಾನ್ಯ ಅಧಿವೇಶನ ಎರಡು ವರ್ಷಕ್ಕೊಮ್ಮೆ, ಹೆಚ್ಚೆಂದರೆ 140 ದಿನ. ಆ ಅವಧಿ ತಪ್ಪಿದರೆ ಮುಂದಿನ ಬಜೆಟ್‌ಗೆ ಎರಡು ವರ್ಷ ಕಾಯಬೇಕು. ಡೇಕೇರ್ ಸಹಾಯಧನದ ದೊಡ್ಡ ಪಾಲು ಫೆಡರಲ್ ಸರ್ಕಾರದಿಂದ ಬರುವುದರಿಂದ ಅಲ್ಲೂ ನಮ್ಮ ಕೇಂದ್ರ–ರಾಜ್ಯದ ಹಗ್ಗಜಗ್ಗಾಟ ಇದ್ದದ್ದೇ.

ನಿಮ್ಮ ಪಕ್ಕದ ನ್ಯೂ ಮೆಕ್ಸಿಕೊ ಕಡೆ ನೋಡಿ. ರಾಜ್ಯದ ಶಾಶ್ವತ ನಿಧಿಯಿಂದ ಚಿಕ್ಕ ಮಕ್ಕಳಿಗಾಗಿ ಪ್ರತಿ ವರ್ಷ ದುಡ್ಡು ತೆಗೆಯಲು ಅಲ್ಲಿನ ಮತದಾರರು 2022ರ ನವೆಂಬರ್‌ನಲ್ಲಿ ರಾಜ್ಯ ಸಂವಿಧಾನವನ್ನೇ ತಿದ್ದಿದರು. 2025ರ ನವೆಂಬರ್ 1ರಿಂದ ಆದಾಯ ಎಷ್ಟೇ ಇರಲಿ, ಎಲ್ಲ ಕುಟುಂಬಗಳಿಗೂ ಉಚಿತ ಮಕ್ಕಳ ಆರೈಕೆ ಅಂತ ಶುರುಮಾಡಿದರು. ಬೆನ್ನ ಹಿಂದೆ ತೈಲ, ಅನಿಲದ ವರಮಾನ ಇದೆ ಅನ್ನುವುದನ್ನು ಮರೆಯಬೇಡಿ. ಆದರೆ ಟೆಕ್ಸಾಸ್‌ನಲ್ಲೂ ತೈಲಕ್ಕೇನು ಬರವಿಲ್ಲವಲ್ಲ.

ಪ್ರಶ್ನೆ: ಗ್ರಾಮ ಪಂಚಾಯಿತಿ ಸದಸ್ಯೆ ನಾನು. ನಮ್ಮೂರಿಗೆ ಕೂಸಿನ ಮನೆ, ಅಂದರೆ ಹಗಲು ಹೊತ್ತು ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ, ಬೇಕು ಅಂತ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಎರಡು ಸಲ ಅರ್ಜಿ ಕೊಟ್ಟೆ. ಉತ್ತರವೇ ಇಲ್ಲ.

ತಪ್ಪು ಬಾಗಿಲು ತಟ್ಟಿದ್ದೀರಿ. ಹೆಸರಿನಲ್ಲಿ ಕೂಸು ಇದ್ದರೂ ಅದು ಮಹಿಳಾ ಮತ್ತು ಮಕ್ಕಳ ಇಲಾಖೆಯದ್ದಲ್ಲ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯದು, ಬಜೆಟ್‌ನಲ್ಲಿ ಬೇಡಿಕೆ ಸಂಖ್ಯೆ 7. 2023ರ ಜುಲೈ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಅಂತ ಘೋಷಣೆ ಮಾಡಿದ್ದು. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ ಅಂತಲೇ ಶುರುವಾದ ಯೋಜನೆ. ನಿಮ್ಮ ಪಂಚಾಯಿತಿ ಆ ಪಟ್ಟಿಯಲ್ಲಿದೆಯೇ ಅಂತ ಮೊದಲು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಕೇಳಿ. ಇಲ್ಲದಿದ್ದರೆ ಪಂಚಾಯಿತಿಯಲ್ಲೇ ಠರಾವು ಮಾಡಿ, ತಾಲ್ಲೂಕು ಪಂಚಾಯಿತಿಯ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಅವರಿಗೆ ಕಳಿಸಿ, ಪ್ರತಿಯನ್ನು ಎಂಎಲ್‌ಎ ಅವರಿಗೆ ಕೊಡಿ. ಎಷ್ಟು ಮಕ್ಕಳು, ಎಷ್ಟು ತಾಯಂದಿರು, ಕೋಣೆ ಎಲ್ಲಿದೆ, ನೀರು ಕರೆಂಟು ಇದೆಯೋ ಇಲ್ಲವೋ, ಇಷ್ಟು ಒಂದೇ ಪುಟದಲ್ಲಿ ಇರಲಿ. ದೀಪಾವಳಿ ಹೊತ್ತಿಗೆ ಕೈಸೇರುವ ಹಾಗೆ ಕಳಿಸಿ. ಯುಗಾದಿಗೆ ಕೊಟ್ಟರೆ ಅದು ಮುಂದಿನ ದೀಪಾವಳಿವರೆಗೆ ಕಡತದಲ್ಲೇ ಮಲಗಿರುತ್ತದೆ.